ಮನೆಯ ಹಿರಿಯರಿಗೆ ಸರ್ಕಾರಿ ಆರೋಗ್ಯ ವಿಮೆ: ಮಂಡ್ಯ, ಮೈಸೂರಿನವರಿಗೆ ನೋಂದಣಿಯಿಂದ ಡಿಸ್ಚಾರ್ಜ್‌ವರೆಗೆ

ನಮ್ಮ ಕಡೆ ಆರೋಗ್ಯ ಕಾರ್ಡ್ ನೆನಪಾಗುವುದು ಯಾವಾಗ? ಅಪ್ಪನಿಗೆ ಎದೆ ಹಿಡಿದುಕೊಂಡಾಗ, ಇಲ್ಲ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ. ಆಗ ಆಧಾರ್ ಎಲ್ಲಿ, ರೇಷನ್ ಕಾರ್ಡ್ ಎಲ್ಲಿ, ಒಟಿಪಿ ಯಾರ ಫೋನಿಗೆ ಹೋಯಿತು ಎಂದು ಮನೆಯೆಲ್ಲ ಹುಡುಕಾಟ. ಈ ಕೆಲಸವನ್ನು ಹಿರಿಯರು ಓಡಾಡಿಕೊಂಡು ಇರುವಾಗಲೇ ಮುಗಿಸಬೇಕು. ಸರ್ಕಾರಿ ವಿಮೆಯಲ್ಲಿ ಜನ ಸೋಲುವುದು ಅರ್ಹತೆ ಇಲ್ಲದೆ ಅಲ್ಲ. ಕಾಗದ ಒಂದಕ್ಕೊಂದು ಹೊಂದದೆ, ಆಸ್ಪತ್ರೆಯಲ್ಲಿ ಕೇಳಬೇಕಾದ್ದನ್ನು ಕೇಳದೆ ಸೋಲುತ್ತಾರೆ. ಅದಕ್ಕೇ ಇಲ್ಲಿ ಆ ಎರಡು ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು: ನಿಮ್ಮ ಮನೆಯ ಹಿರಿಯರು ಯಾವ ಯೋಜನೆಗೆ ಸೇರುತ್ತಾರೆ?

ರೇಷನ್ ಕಾರ್ಡ್ ಕೈಗೆ ತೆಗೆದುಕೊಳ್ಳಿ. ಅದು ಬಿಪಿಎಲ್ ಅಥವಾ ಅಂತ್ಯೋದಯ ಆಗಿದ್ದರೆ ನಿಮ್ಮ ಕುಟುಂಬ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪೂರ್ತಿ ಅರ್ಹ. ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಶುರು ಮಾಡಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಇಡೀ ಕುಟುಂಬಕ್ಕೆ ಸೇರಿ 5 ಲಕ್ಷ, ಒಬ್ಬೊಬ್ಬರಿಗೆ ಅಲ್ಲ.

ಎಪಿಎಲ್ ಕಾರ್ಡ್ ಇದ್ದರೆ, ಅಥವಾ ರೇಷನ್ ಕಾರ್ಡೇ ಇಲ್ಲದಿದ್ದರೆ ಲೆಕ್ಕ ಬೇರೆ. ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ. ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಆಪರೇಷನ್‌ಗೆ ಪ್ಯಾಕೇಜ್ ದರ ಒಂದು ಲಕ್ಷ ಇದೆ ಎಂದುಕೊಳ್ಳಿ. ಸರ್ಕಾರದ್ದು 30 ಸಾವಿರ, ಉಳಿದ 70 ಸಾವಿರ ನಿಮ್ಮದು. ಇದನ್ನು ಮೊದಲೇ ತಿಳಿದುಕೊಂಡರೆ ಡಿಸ್ಚಾರ್ಜ್ ದಿನ ಗಾಬರಿ ಇರುವುದಿಲ್ಲ. ಇತ್ತೀಚೆಗೆ ಪರಿಶೀಲನೆ ಹೆಸರಲ್ಲಿ ಎಷ್ಟೋ ಬಿಪಿಎಲ್ ಕಾರ್ಡ್‌ಗಳು ಎಪಿಎಲ್‌ಗೆ ಬದಲಾಗಿವೆ. ಅಕ್ಕಿ ನಿಂತಿತು ಎಂದು ಮಾತ್ರ ಜನ ಯೋಚಿಸುತ್ತಾರೆ. ಅದರ ಜೊತೆ ಆಸ್ಪತ್ರೆಯ ಸೌಲಭ್ಯವೂ ಕುಗ್ಗುತ್ತದೆ. ಹಾಗಾಗಿ ನಿಮ್ಮ ಕಾರ್ಡ್ ಈಗಲೂ ಬಿಪಿಎಲ್ ಪಟ್ಟಿಯಲ್ಲಿದೆಯಾ ಎಂದು ನ್ಯಾಯಬೆಲೆ ಅಂಗಡಿಯಲ್ಲೋ ಆಹಾರ ಇಲಾಖೆಯಲ್ಲೋ ಒಮ್ಮೆ ಕೇಳಿ. ತಪ್ಪಾಗಿ ಬದಲಾಗಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಅರ್ಜಿ ಕೊಡಿ.

ಹಿರಿಯರಿಗೆ 70 ತುಂಬಿದ್ದರೆ ಇನ್ನೊಂದು ದಾರಿ ಇದೆ: ಆಯುಷ್ಮಾನ್ ವಯ ವಂದನಾ. ನಮ್ಮ ರಾಜ್ಯದಲ್ಲಿ ಇದಕ್ಕೆ ಇರುವ ತೊಡಕನ್ನು ಮುಂದೆ ಆಸ್ಪತ್ರೆಯ ಭಾಗದಲ್ಲಿ ಹೇಳಿದ್ದೇನೆ. ಕೇಂದ್ರ ಸರ್ಕಾರ ಇದನ್ನು 2024ರ ಅಕ್ಟೋಬರ್ 29ರಂದು ಶುರು ಮಾಡಿತು. ಇಲ್ಲಿ ಆದಾಯ ನೋಡುವುದಿಲ್ಲ, ರೇಷನ್ ಕಾರ್ಡ್ ಕೇಳುವುದಿಲ್ಲ. ನಿವೃತ್ತ ಮೇಷ್ಟ್ರು, ದೇವರಾಜ ಅರಸು ರಸ್ತೆಯಲ್ಲಿ ಅಂಗಡಿ ಇಟ್ಟವರು, ಹತ್ತು ಎಕರೆ ಗದ್ದೆ ಇರುವವರು, ಎಲ್ಲರೂ ಅರ್ಹರೇ. ವಯಸ್ಸು ಮತ್ತು ಗುರುತಿಗೆ ಆಧಾರ್ ಒಂದೇ ಆಧಾರ. ಮಿತಿ ವರ್ಷಕ್ಕೆ 5 ಲಕ್ಷ. ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ಅದನ್ನು ಇಬ್ಬರೂ ಹಂಚಿಕೊಳ್ಳಬೇಕು.

ಮೊದಲೇ ಬಿಪಿಎಲ್‌ನಲ್ಲಿ ಇರುವ ಕುಟುಂಬಕ್ಕೂ ಇದರಿಂದ ಲಾಭ ಇದೆ. ಮಳವಳ್ಳಿ ಕಡೆಯ ಒಂದು ಮನೆ ಎಂದುಕೊಳ್ಳಿ: ತಾತ, ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಆ ವರ್ಷ ಮಗನ ಚಿಕಿತ್ಸೆಗೆ 4 ಲಕ್ಷ ಖರ್ಚಾಗಿದೆ. ಕುಟುಂಬದ ಖಾತೆಯಲ್ಲಿ ಉಳಿದದ್ದು 1 ಲಕ್ಷ. ಅಷ್ಟರಲ್ಲಿ ತಾತನಿಗೆ ಹೃದಯದ ಆಪರೇಷನ್ ಬಂತು. ವಯ ವಂದನಾ ನಿಯಮದ ಪ್ರಕಾರ ತಾತ, ಅಜ್ಜಿಯ ಪಾಲಿಗೆ ಪ್ರತ್ಯೇಕವಾಗಿ ಇನ್ನೊಂದು 5 ಲಕ್ಷ ಇರುತ್ತದೆ. 70 ಆಗದವರು ಅದನ್ನು ಮುಟ್ಟುವ ಹಾಗಿಲ್ಲ.

ಮೂರನೆಯದು ಯಶಸ್ವಿನಿ, ಅಂದರೆ ಸಹಕಾರ ಸಂಘಗಳ ಸದಸ್ಯರಿಗೆ ಇರುವ ರಾಜ್ಯದ ಆರೋಗ್ಯ ಯೋಜನೆ. ಮಂಡ್ಯ ಜಿಲ್ಲೆಯಲ್ಲಿ ಹಾಲಿನ ಡೇರಿ ಇಲ್ಲದ ಊರು ಕಮ್ಮಿ. ಡೇರಿಯಲ್ಲೋ ಕೃಷಿ ಪತ್ತಿನ ಸೊಸೈಟಿಯಲ್ಲೋ ಸದಸ್ಯತ್ವ ಇರುವ ಮನೆಗಳೇ ಹೆಚ್ಚು. 2018ರಲ್ಲಿ ನಿಂತಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಆಗ ಗೊತ್ತು ಮಾಡಿದ ವಂತಿಗೆ, ಹಳ್ಳಿಯ ಸಂಘಗಳಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದ ಸಂಘಗಳಲ್ಲಿ 1000 ರೂಪಾಯಿ. ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ತಲೆಗೆ ಇನ್ನಷ್ಟು ಸೇರುತ್ತದೆ. ಮಿತಿ 5 ಲಕ್ಷ. ಎಪಿಎಲ್ ಮನೆಯಲ್ಲಿ 60 ದಾಟಿ ಇನ್ನೂ 70 ಆಗದ ಅಪ್ಪ ಅಮ್ಮ ಇದ್ದರೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಆಯ್ಕೆ. ಶೇ 30ರ ನೆರವನ್ನು ಮಾತ್ರ ನಂಬಿಕೊಂಡು ಹತ್ತು ವರ್ಷ ಕಳೆಯುವುದು ಕಷ್ಟ. ಆದರೆ ನೋಂದಣಿ ವರ್ಷವಿಡೀ ಇರುವುದಿಲ್ಲ, ಕೆಲವು ತಿಂಗಳು ಮಾತ್ರ. ಡೇರಿ ಕಾರ್ಯದರ್ಶಿಗೆ ಈಗಲೇ ಹೇಳಿ ಇಟ್ಟಿರಿ. ಸದಸ್ಯತ್ವ ಹೊಸದಾಗಿ ಮಾಡಿಸುವವರು ಇನ್ನೂ ಮುಂಚೆ ಎಚ್ಚೆತ್ತುಕೊಳ್ಳಬೇಕು, ಏಕೆಂದರೆ ಸದಸ್ಯರಾಗಿ ಕೆಲವು ತಿಂಗಳು ಆಗಿರಬೇಕು ಎಂಬ ನಿಯಮ ಇದೆ.

ಮಾಜಿ ಸೈನಿಕರ ಇಸಿಎಚ್‌ಎಸ್, ಕೇಂದ್ರ ಸರ್ಕಾರಿ ನಿವೃತ್ತರ ಸಿಜಿಎಚ್‌ಎಸ್ ಇರುವವರು ಅದನ್ನೇ ಉಳಿಸಿಕೊಳ್ಳಬೇಕು, ಇಲ್ಲ ವಯ ವಂದನಾ ಆರಿಸಿಕೊಳ್ಳಬೇಕು. ಎರಡೂ ಸಿಗುವುದಿಲ್ಲ. ಆ ಯೋಜನೆಗಳಲ್ಲಿ ಹೊರರೋಗಿ ಚಿಕಿತ್ಸೆ, ತಿಂಗಳ ಮಾತ್ರೆ ಎಲ್ಲ ಸಿಗುತ್ತದೆ. ಹಾಗಾಗಿ ಅದನ್ನು ಬಿಟ್ಟು ಬರುವುದು ಜಾಣತನ ಅಲ್ಲ. ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದವರಿಗೆ ಈ ತೊಡಕಿಲ್ಲ, ಜೊತೆಗೆ ಇದನ್ನೂ ಮಾಡಿಸಬಹುದು.

ಕಾಗದ ಸರಿ ಮಾಡಿಕೊಳ್ಳುವುದು

ಅರ್ಧ ಕೆಲಸ ಇಲ್ಲೇ ಇದೆ. ಆಧಾರ್ ಮತ್ತು ರೇಷನ್ ಕಾರ್ಡ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಒಂದರಲ್ಲಿ ನಿಂಗಮ್ಮ, ಇನ್ನೊಂದರಲ್ಲಿ ಲಿಂಗಮ್ಮ. ಒಂದರಲ್ಲಿ ಸಿದ್ದೇಗೌಡ, ಇನ್ನೊಂದರಲ್ಲಿ ಸಿದ್ದೇಗೌಡ ಬಿನ್ ಯಾರೋ. ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ಕೇಳಲೇಬೇಡಿ. ಸಣ್ಣ ವ್ಯತ್ಯಾಸವನ್ನು ಕಂಪ್ಯೂಟರ್ ಒಮ್ಮೊಮ್ಮೆ ಒಪ್ಪುತ್ತದೆ, ಒಮ್ಮೊಮ್ಮೆ ಅರ್ಜಿ ತಿರಸ್ಕಾರ ಆಗುತ್ತದೆ. ಪೂರ್ತಿ ಬೇರೆ ಹೆಸರು ಇದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಕಾರ್ಡ್‌ಗೆ ಹೋಗಿ. ರೇಷನ್ ಕಾರ್ಡ್‌ನಲ್ಲಿ ಹಿರಿಯರ ಹೆಸರು ಇನ್ನೂ ಇದೆಯೇ ಎನ್ನುವುದನ್ನೂ ನೋಡಿ. ಮಕ್ಕಳು ಬೇರೆ ಆದಾಗ ಅಪ್ಪ ಅಮ್ಮನ ಹೆಸರು ಯಾರ ಕಾರ್ಡ್‌ನಲ್ಲೂ ಇಲ್ಲದೆ ಉಳಿದುಬಿಡುವುದು ನಮ್ಮ ಹಳ್ಳಿಗಳಲ್ಲಿ ಅಪರೂಪ ಅಲ್ಲ.

ಆಮೇಲೆ ಹುಟ್ಟಿದ ದಿನಾಂಕ. ಹಳೆಯ ಕಾಲದವರಿಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಆಧಾರ್ ಮಾಡಿಸುವಾಗ ಅಂದಾಜಿನಲ್ಲಿ ಬರೆಸಿದ್ದಾರೆ. ಎಪ್ಪತ್ತೈದು ದಾಟಿದವರಿಗೂ ಆಧಾರ್‌ನಲ್ಲಿ ಅರವತ್ತೆಂಟು ಇರಬಹುದು. ವಯ ವಂದನಾಗೆ ಆಧಾರ್‌ನ ವಯಸ್ಸೇ ಲೆಕ್ಕ. ತಿದ್ದುಪಡಿಗೆ ದಾಖಲೆ ಬೇಕು. ಹುಟ್ಟಿದ ದಿನಾಂಕ ತಿದ್ದಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಹಾಗಾಗಿ ಶಾಲೆಯ ಟಿಸಿ, ಪಾಸ್‌ಪೋರ್ಟ್, ಪಿಂಚಣಿ ಪುಸ್ತಕ ಏನಿದೆ ಎಂದು ಮೊದಲು ಹುಡುಕಿ, ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ.

ಇನ್ನು ಮೊಬೈಲ್ ನಂಬರ್. ಆಧಾರ್‌ಗೆ ಜೋಡಿಸಿದ ನಂಬರ್ ಈಗ ಚಾಲ್ತಿಯಲ್ಲಿ ಇದೆಯಾ? ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನ ನಂಬರ್ ಕೊಟ್ಟಿದ್ದರೆ ಒಟಿಪಿ ಅವನಿಗೆ ಹೋಗುತ್ತದೆ. ಅವನು ಮೀಟಿಂಗ್‌ನಲ್ಲಿ ಇರುತ್ತಾನೆ, ಒಟಿಪಿ ಅವಧಿ ಮುಗಿಯುತ್ತದೆ. ಮನೆಯಲ್ಲೇ ಇರುವವರ ನಂಬರ್ ಜೋಡಿಸುವುದು ಒಳ್ಳೆಯದು.

ಬೆರಳಚ್ಚಿನ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಕಬ್ಬು ಕಡಿದು, ಭತ್ತ ನಾಟಿ ಮಾಡಿ, ಪಾತ್ರೆ ಉಜ್ಜಿ ಬೆರಳ ಗೆರೆಯೆಲ್ಲ ತೇಯ್ದು ಹೋಗಿದೆ. ಹುಡುಗ ಬಲಗೈ ಹೆಬ್ಬೆರಳು ಇಡಿಸಿದ, ಕೆಂಪು ದೀಪ. ಎಡಗೈ ಇಡಿಸಿದ, ಮತ್ತೆ ಕೆಂಪು. ಅಜ್ಜಿ ಸೆರಗಿನಲ್ಲಿ ಬೆರಳು ಒರೆಸಿಕೊಂಡು, ‘ನಂದು ಬರಾಕಿಲ್ಲ ಕಣಪ್ಪ, ಬುಡು’ ಎಂದು ಎದ್ದೇಬಿಟ್ಟರು. ಹೀಗೆ ಎದ್ದು ಹೋಗುವವರು ತುಂಬಾ ಜನ. ದಯವಿಟ್ಟು ಎದ್ದು ಹೋಗಲು ಬಿಡಬೇಡಿ. ಸೋಪಿನಲ್ಲಿ ಕೈ ತೊಳೆದು, ಸ್ವಲ್ಪ ತೇವ ಇರುವಾಗ ಬೇರೆ ಬೆರಳು ಇಡಿಸಿ. ಹತ್ತು ಬೆರಳಲ್ಲಿ ಯಾವುದಾದರೂ ಒಂದು ಸಿಗಬಹುದು. ಆಗದಿದ್ದರೆ ಕಣ್ಣಿನ ಸ್ಕ್ಯಾನ್ ಇದೆ, ಮುಖ ತೋರಿಸಿ ಮಾಡುವ ವಿಧಾನ ಇದೆ, ಒಟಿಪಿ ಇದೆ. ಆಪರೇಟರ್ ತಾನಾಗಿ ಹೇಳದಿದ್ದರೆ ನೀವೇ ಕೇಳಿ. ಆ ಅಜ್ಜಿಯದು ಕೊನೆಗೆ ಒಟಿಪಿಯಲ್ಲಿ ಐದು ನಿಮಿಷಕ್ಕೆ ಆಯಿತು. ಸೊಸೆಯ ಫೋನು ಪಕ್ಕದಲ್ಲೇ ಇತ್ತು.

ನೋಂದಣಿ ಹೇಗೆ?

ಬಿಪಿಎಲ್ ಕುಟುಂಬದವರು ಊರಿನ ಗ್ರಾಮ ಒನ್, ನಗರದಲ್ಲಾದರೆ ಕರ್ನಾಟಕ ಒನ್, ಇಲ್ಲವೇ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಆಧಾರ್, ರೇಷನ್ ಕಾರ್ಡ್, ಫೋನು ಇಷ್ಟು ಸಾಕು. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್ ಆಗುತ್ತದೆ, ಒಬ್ಬರದು ಮಾಡಿಸಿದರೆ ಎಲ್ಲರದ್ದೂ ಆಯಿತು ಎಂದುಕೊಳ್ಳಬೇಡಿ. ಪ್ಲಾಸ್ಟಿಕ್ ಕಾರ್ಡ್‌ಗೆ ಕೇಂದ್ರದವರು ಬೋರ್ಡ್‌ನಲ್ಲಿ ಹಾಕಿರುವ ದರ ಮಾತ್ರ ಕೊಡಿ, ರಸೀದಿ ಕೇಳಿ.

ವಯ ವಂದನಾ ಕಾರ್ಡ್ ಮನೆಯಲ್ಲೇ ಫೋನಿನಲ್ಲಿ ಮಾಡಬಹುದು. ಪ್ಲೇ ಸ್ಟೋರ್‌ನಲ್ಲಿ ‘ಆಯುಷ್ಮಾನ್’ ಹೆಸರಿನ ಆಪ್ ಹುಡುಕಿ, ಕೆಳಗೆ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಹೆಸರು ಇದೆಯಾ ನೋಡಿ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಫಲಾನುಭವಿ ಎಂದು ಆರಿಸಿ, ಫೋನ್ ನಂಬರ್ ಕೊಟ್ಟು ಒಟಿಪಿ ಹಾಕಿ ಒಳಗೆ ಹೋಗಿ. 70 ವರ್ಷ ಮೇಲ್ಪಟ್ಟವರ ನೋಂದಣಿ ಎಂಬ ಕಡೆ ಒತ್ತಿ, ರಾಜ್ಯ ಮತ್ತು ಆಧಾರ್ ನಂಬರ್ ತುಂಬಿ. ಹೆಸರು ಸಿಗದಿದ್ದರೆ ಹೊಸದಾಗಿ ನೋಂದಾಯಿಸಲು ಅದೇ ಕೇಳುತ್ತದೆ. ಆಮೇಲೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತ ಮಾಡುವುದು. ಆಧಾರ್‌ನ ಫೋನಿಗೆ ಒಟಿಪಿ ಬರುತ್ತದೆ. ಬೇರೆ ಸರ್ಕಾರಿ ಯೋಜನೆಯಲ್ಲಿ ಇದ್ದೀರಾ ಎಂಬ ಪ್ರಶ್ನೆಗೆ ನಿಜ ಹೇಳಿ. ಫೋಟೊ ತೆಗೆಯುವಾಗ ಹಿರಿಯರನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ. ಕತ್ತಲೆ ನಡುಮನೆಯಲ್ಲಿ ತೆಗೆದ ಫೋಟೊ ಆಧಾರ್ ಫೋಟೊಗೆ ಹೊಂದುವುದಿಲ್ಲ. ಪಿನ್ ಕೋಡ್, ಮನೆಯವರ ವಿವರ ತುಂಬಿ ಕಳಿಸಿ. ಒಪ್ಪಿಗೆ ಆದ ಮೇಲೆ ಕಾರ್ಡ್ ಇಳಿಸಿಕೊಳ್ಳಬಹುದು. ಸ್ಮಾರ್ಟ್‌ಫೋನ್ ಇಲ್ಲದವರು ಸೇವಾ ಕೇಂದ್ರದಲ್ಲಿ ಮಾಡಿಸಿ.

ಕಾರ್ಡ್ ಬಂದ ಮೇಲೆ ಎರಡು ಜೆರಾಕ್ಸ್ ತೆಗೆದು, ಆಧಾರ್ ಮತ್ತು ರೇಷನ್ ಕಾರ್ಡ್ ಪ್ರತಿಯ ಜೊತೆ ಒಂದು ಕವರ್‌ಗೆ ಹಾಕಿ ಎಲ್ಲರಿಗೂ ಗೊತ್ತಿರುವ ಕಡೆ ಇಡಿ. ಹಳೆಯ ಇಸಿಜಿ, ತಿನ್ನುತ್ತಿರುವ ಮಾತ್ರೆಗಳ ಚೀಟಿಯೂ ಅದರಲ್ಲೇ ಇರಲಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಇದು ಒಳರೋಗಿ ಚಿಕಿತ್ಸೆಯ ವಿಮೆ. ಆಸ್ಪತ್ರೆಗೆ ದಾಖಲಾದರೆ ವಾರ್ಡ್, ಡಾಕ್ಟರ್, ಆಪರೇಷನ್, ಔಷಧಿ, ಪರೀಕ್ಷೆ, ಊಟ ಎಲ್ಲ ಪ್ಯಾಕೇಜ್ ಒಳಗೇ ಬರುತ್ತದೆ. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ ಮತ್ತು ಡಿಸ್ಚಾರ್ಜ್ ನಂತರದ 15 ದಿನದ ಔಷಧಿ, ಪರೀಕ್ಷೆಯೂ ಸೇರುತ್ತವೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟ ಗಾಯ, ಅಪಘಾತ ಎಲ್ಲ ಪಟ್ಟಿಯಲ್ಲಿವೆ. ರಾಜ್ಯದ ಯೋಜನೆ ಆಯುಷ್ಮಾನ್ ಭಾರತ್ ಜೊತೆ ಸೇರಿದಾಗ ಪಟ್ಟಿಯಲ್ಲಿ ಸುಮಾರು 1650 ಚಿಕಿತ್ಸೆಗಳಿದ್ದವು. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇತ್ತು ಎಂದು ಯಾರೂ ತಳ್ಳುವ ಹಾಗಿಲ್ಲ. ಖಾಸಗಿ ವಿಮೆಯಂತೆ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಮೊದಲ ದಿನದಿಂದಲೇ ಅನ್ವಯ.

ಸಿಗದೇ ಇರುವುದು ಹೊರರೋಗಿ ಖರ್ಚು. ತಿಂಗಳ ಸಕ್ಕರೆ ಮಾತ್ರೆ, ಡಾಕ್ಟರ್ ಫೀಸು, ಸುಮ್ನೆ ಮಾಡಿಸುವ ಸ್ಕ್ಯಾನಿಂಗ್, ಕನ್ನಡಕ, ಹಲ್ಲಿನ ಸೆಟ್ಟು ಇದರಲ್ಲಿ ಬರುವುದಿಲ್ಲ. ಹಿರಿಯರ ಮನೆ ಖರ್ಚಿನಲ್ಲಿ ದೊಡ್ಡ ಪಾಲು ಇದೇ ಅಲ್ವಾ? ಇದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್‌ಗಳಲ್ಲಿ ಉಚಿತ ಬಿಪಿ, ಸಕ್ಕರೆ ಮಾತ್ರೆ ಪಡೆಯಿರಿ, ಇಲ್ಲವೇ ಜನೌಷಧಿ ಅಂಗಡಿಗೆ ಹೋಗಿ. ಕಣ್ಣಿನ ಪೊರೆ ಆಪರೇಷನ್‌ಗೆ ಈ 5 ಲಕ್ಷವನ್ನು ಮುಟ್ಟಬೇಕಾಗಿಯೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತ.

ಆಸ್ಪತ್ರೆಗೆ ಹೋದಾಗ

ನಮ್ಮ ರಾಜ್ಯದ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ. ಮಂಡ್ಯದವರಿಗೆ ತಾಲ್ಲೂಕು ಆಸ್ಪತ್ರೆ ಅಥವಾ ಮಿಮ್ಸ್ (ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ). ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆ. ಹೃದಯಕ್ಕೆ ಕೆಆರ್‌ಎಸ್ ರಸ್ತೆಯ ಜಯದೇವ ಇದೆ. ಆ ಚಿಕಿತ್ಸೆ ಅಲ್ಲಿ ಆಗದಿದ್ದರೆ ಡಾಕ್ಟರ್ ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ, ಬರೆಯುತ್ತಾರೆ. ಅದನ್ನು ತೆಗೆದುಕೊಂಡು ಯೋಜನೆಗೆ ಸೇರಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯಾವ ಆಸ್ಪತ್ರೆ ಎಂದು ಆರಿಸಿಕೊಳ್ಳುವ ಹಕ್ಕು ನಿಮ್ಮದು. ರೆಫರಲ್ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ, ಆಮೇಲೆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಜನ ಹೆಚ್ಚು ಹಣ ಕಳೆದುಕೊಳ್ಳುವುದು ಈ ಒಂದು ಜಾಗದಲ್ಲಿ.

ತುರ್ತು ಇದ್ದರೆ ರೆಫರಲ್ ಬೇಡ. ಹೃದಯಾಘಾತ, ಅಪಘಾತದಂಥ ತುರ್ತು ಚಿಕಿತ್ಸೆಗಳ ಪಟ್ಟಿಯೇ ಪ್ರತ್ಯೇಕ ಇದೆ. ಹತ್ತಿರದ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಿ. ಎದೆನೋವು ಬಂದರೆ ಒಂದು ಮಾತು ನೆನಪಿರಲಿ. ಕೆ.ಆರ್. ಪೇಟೆಯಿಂದಲೋ ಎಚ್.ಡಿ. ಕೋಟೆಯಿಂದಲೋ ಸೀದಾ ಮೈಸೂರಿಗೆ ಕಾರು ಓಡಿಸುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿಯನ್ನು ದೂರದಿಂದಲೇ ಓದಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹೀಗೆ ಉಳಿಯುವ ಸಮಯವೇ ಜೀವ ಉಳಿಸುತ್ತದೆ. 108ಕ್ಕೆ ಫೋನ್ ಮಾಡುವುದನ್ನೂ ಮರೆಯಬೇಡಿ.

ಆಸ್ಪತ್ರೆಯೊಳಗೆ ಮೊದಲು ಹುಡುಕಬೇಕಾದ್ದು ಆರೋಗ್ಯ ಮಿತ್ರ, ಅಂದರೆ ರೋಗಿಗಳಿಗೆ ನೆರವಾಗಲು ಯೋಜನೆಯ ಕಡೆಯಿಂದ ಅಲ್ಲಿ ಕೂರುವ ಸಿಬ್ಬಂದಿ. ಯೋಜನೆಯ ಕಿಯಾಸ್ಕ್ ಸಾಮಾನ್ಯವಾಗಿ ದಾಖಲಾತಿ ಕೌಂಟರ್ ಹತ್ತಿರ ಇರುತ್ತದೆ. ಮುಂಗಡ ಹಣ ಕಟ್ಟುವ ಮೊದಲೇ ಅವರ ಹತ್ತಿರ ಹೋಗಿ ಇಷ್ಟು ಕೇಳಿ: ‘ಈ ಆಸ್ಪತ್ರೆ ಈ ವಿಭಾಗಕ್ಕೆ ಯೋಜನೆಯಲ್ಲಿ ಸೇರಿದೆಯಾ? ನಮ್ಮ ಕಾರ್ಡ್ ಇಲ್ಲಿ ನಡೆಯುತ್ತಾ? ಪ್ಯಾಕೇಜ್ ಯಾವುದು, ದರ ಎಷ್ಟು? ನಾವು ಕೈಯಿಂದ ಏನಾದರೂ ಕೊಡಬೇಕಾ?’ ಒಂದು ಆಸ್ಪತ್ರೆ ಹೃದಯಕ್ಕೆ ಸೇರಿದ್ದು ಮೂಳೆಗೆ ಸೇರಿಲ್ಲದೆ ಇರಬಹುದು. ಹೊರಗಿನ ಬೋರ್ಡ್ ನೋಡಿ ನಂಬಬೇಡಿ.

ವಯ ವಂದನಾ ಕಾರ್ಡ್ ಇರುವವರು ಎರಡನೇ ಪ್ರಶ್ನೆಯನ್ನು ಒತ್ತಿ ಕೇಳಬೇಕು. ಕಾರ್ಡ್ ಆಗುವುದು ಕೇಂದ್ರದ ಆಪ್‌ನಲ್ಲಿ. ಆದರೆ ಕರ್ನಾಟಕದಲ್ಲಿ ಯೋಜನೆ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಕಾರ್ಡ್ ಹಿಡಿದು ಹೋದ ಹಿರಿಯರಿಗೆ ನಮ್ಮ ರಾಜ್ಯದಲ್ಲಿ ‘ಇದು ಇಲ್ಲಿ ನಡೆಯಲ್ಲ’ ಎಂಬ ಉತ್ತರ ಸಿಕ್ಕ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ. ಎಪ್ಪತ್ತು ದಾಟಿದವರನ್ನು ಹೀಗೆ ಕಚೇರಿಯಿಂದ ಕಚೇರಿಗೆ ಅಲೆಸುವುದು ನನಗಂತೂ ಸಹಿಸಲು ಆಗುವುದಿಲ್ಲ. ಕೇಂದ್ರವೂ ರಾಜ್ಯವೂ ಕೂತು ಬಗೆಹರಿಸಬೇಕಾದ ವಿಷಯ ಇದು. ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇಷ್ಟು: ದಾಖಲಾಗುವ ಮುಂಚೆ ಖಚಿತ ಮಾಡಿಕೊಳ್ಳಿ, ಬಿಪಿಎಲ್ ಕಾರ್ಡ್ ಇದ್ದರೆ ಅದರ ಮೂಲಕವೂ ಕೇಳಿ, ಮತ್ತು ಈ ಕಾರ್ಡ್ ಬಂತು ಎಂದು ನಡೆಯುತ್ತಿರುವ ಖಾಸಗಿ ಪಾಲಿಸಿ ಬಿಡಬೇಡಿ. 2025ರ ಜನವರಿಯಿಂದ 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುಂಚೆ ಕಂಪನಿಗಳು ವಿಮಾ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಒಮ್ಮೆ ಬಿಟ್ಟ ಪಾಲಿಸಿಯನ್ನು ಈ ವಯಸ್ಸಿನಲ್ಲಿ ಹೊಸದಾಗಿ ಪಡೆಯುವುದು ಬಹಳ ಕಷ್ಟ.

ದಾಖಲಾದ ಮೇಲೆ ಆಸ್ಪತ್ರೆಯವರು ಮುಂಗಡ ಒಪ್ಪಿಗೆಗೆ ಅರ್ಜಿ ಕಳಿಸುತ್ತಾರೆ. ಅದು ಬಂದ ಮೇಲೆ ಚಿಕಿತ್ಸೆ. ತುರ್ತಿದ್ದರೆ ಮೊದಲು ಚಿಕಿತ್ಸೆ, ಒಪ್ಪಿಗೆ ಜೊತೆಜೊತೆಗೆ. ಒಪ್ಪಿಗೆ ಆಯಿತಾ ಎಂದು ದಿನಾ ಕೇಳುತ್ತಿರಿ. ಕಾರ್ಡ್ ಇನ್ನೂ ಆಗಿಲ್ಲದ ಬಿಪಿಎಲ್ ರೋಗಿ ಇದ್ದರೂ ಹಿಂದೆ ಸರಿಯಬೇಡಿ. ಆಧಾರ್, ರೇಷನ್ ಕಾರ್ಡ್ ತೋರಿಸಿ ಆರೋಗ್ಯ ಮಿತ್ರರ ಹತ್ತಿರವೇ ನೋಂದಣಿ ಮಾಡಿಸಲು ಕೇಳಿ.

ಹಣ ಕೇಳಿದರೆ, ಮತ್ತು ಡಿಸ್ಚಾರ್ಜ್ ದಿನ

ಬಿಪಿಎಲ್ ರೋಗಿಗೆ ಒಪ್ಪಿಗೆ ಸಿಕ್ಕ ಪ್ಯಾಕೇಜ್‌ನಲ್ಲಿ ಹಣ ಕೇಳುವ ಹಾಗಿಲ್ಲ. ಆದರೂ ‘ಒಳ್ಳೆ ಸ್ಟೆಂಟ್ ಹಾಕಿಸಿ, ಇಷ್ಟು ಕೊಡಿ’, ‘ಈ ಇಂಜೆಕ್ಷನ್ ಹೊರಗೆ ತನ್ನಿ’ ಎಂಬ ಮಾತು ಬರುತ್ತದೆ. ಜಗಳ ಬೇಡ. ‘ಬರೆದು ಕೊಡಿ, ರಸೀದಿ ಕೊಡಿ’ ಎಂದು ಶಾಂತವಾಗಿ ಕೇಳಿ. ಎಷ್ಟೋ ಸಲ ಬೇಡಿಕೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಆರೋಗ್ಯ ಮಿತ್ರರಿಗೆ ಹೇಳಿ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ. ರಾಜ್ಯದ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಸಹಾಯವಾಣಿ 14555. ಹಿರಿಯರು ಒಬ್ಬರೇ ಇದ್ದು ಓಡಾಡುವವರು ಯಾರೂ ಇಲ್ಲದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567. ದೂರು ಕೊಟ್ಟಾಗ ನೋಂದಣಿ ಸಂಖ್ಯೆ ಬರೆದುಕೊಳ್ಳಿ, ಫೋನ್ ತೆಗೆದವರ ಹೆಸರನ್ನೂ ಕೇಳಿ.

ಡಿಸ್ಚಾರ್ಜ್ ದಿನ ಆತುರ ಬೇಡ. ಎಲ್ಲರಿಗೂ ಊರಿನ ಬಸ್ ಹಿಡಿಯುವ ಅವಸರ ಇರುತ್ತದೆ. ಡಿಸ್ಚಾರ್ಜ್ ಸಾರಾಂಶ, ಪರೀಕ್ಷೆಗಳ ವರದಿ, ಎಕ್ಸ್‌ರೇ ಅಥವಾ ಸಿಡಿ ಎಲ್ಲ ಕೈಗೆ ಬಂತಾ ನೋಡಿ. ಮುಂದಿನ 15 ದಿನದ ಮಾತ್ರೆಗಳನ್ನು ಆಸ್ಪತ್ರೆಯ ಔಷಧಾಲಯದಿಂದಲೇ ಕೇಳಿ ಪಡೆಯಿರಿ. ಕೇಳದಿದ್ದರೆ ಕೊಡುವವರು ಕಮ್ಮಿ. ಸಹಿ ಹಾಕುವ, ಹೆಬ್ಬೆಟ್ಟು ಒತ್ತುವ ಪ್ರತಿ ಕಾಗದವನ್ನೂ ಮೊದಲು ಯಾರಾದರೂ ಓದಿ ಹೇಳಲಿ. ಖಾಲಿ ಕಾಗದಕ್ಕೆ ಸಹಿ ಬೇಡ. ಈ ಚಿಕಿತ್ಸೆಗೆ ಎಷ್ಟು ಹಣ ಕಳೆಯಿತು, ವರ್ಷದ ಮಿತಿಯಲ್ಲಿ ಎಷ್ಟು ಉಳಿದಿದೆ ಎಂದು ಆರೋಗ್ಯ ಮಿತ್ರರನ್ನು ಕೇಳಿ, ಆ ಸಂಖ್ಯೆಯನ್ನು ಕಾರ್ಡ್ ಇಟ್ಟ ಕವರ್ ಮೇಲೆ ದಿನಾಂಕದ ಸಮೇತ ಬರೆದಿಡಿ. ಮತ್ತೆ ತೋರಿಸಲು ಯಾವ ದಿನ ಬರಬೇಕು, ಆವತ್ತು ಫೀಸು ಇದೆಯಾ ಎನ್ನುವುದನ್ನೂ ಹೊರಡುವ ಮೊದಲೇ ಕೇಳಿಕೊಳ್ಳಿ.